ಅರಸನ ತಪ್ಪಿಗೆ ಪ್ರಜೆಯ ತಲೆ

ನಮ್ಮ ಸಂಘದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಚರಿತ್ರೆಯ ವಿಷಯವಾಗಿ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಅಪ್ಪಣೆ ಮಾಡಿದಾಗ, ತಾಳವಾಡಿ ಸೀಮೆಯ ಶಾಸನಗಳನ್ನೋ ದೇವಾಲಯಗಳನ್ನೋ ಕುರಿತು ನಾಲ್ಕು ಮಾತು ಹೇಳುವೆವೆಂದು ಅವರು ನಿರೀಕ್ಷಿಸಿದ್ದಿರಬೇಕು. ಅವನ್ನು ನಮಗಿಂತ ಚೆನ್ನಾಗಿ ಬಲ್ಲ ಹಿರಿಯರು ನಮ್ಮಲ್ಲಿದ್ದಾರೆ. ಆದುದರಿಂದ ಈ ಸಲ ನಾವು ಬೇರೆಯೊಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಇದು ದೂರದೇಶಗಳಲ್ಲಿ ಹುಟ್ಟಿದ ವಿಷಯ. ಆದರೆ ಸುತ್ತಿ ಸುಳಿದು ಕೊನೆಗೆ ನಮ್ಮ ಹಿತ್ತಲಿಗೇ ಬಂದು ನಿಲ್ಲತಕ್ಕದ್ದು.

ಲೋಕದಲ್ಲಿ ಎಲ್ಲಿಯೋ ಒಂದು ಘೋರವಾದ ಭಯೋತ್ಪಾದಕ ಕೃತ್ಯ ನಡೆಯುತ್ತದೆ. ಬಾಂಬು ಸಿಡಿದು ನೂರಾರು ಜನ ಸಾಯುತ್ತಾರೆ. ಸತ್ತವರ ದೇಹಗಳನ್ನು ಇನ್ನೂ ಮಣ್ಣಿನಡಿಯಿಂದ ತೆಗೆಯುತ್ತಿರುವಾಗಲೇ ಒಂದು ಮಾತು ಕೇಳಿಬರುವುದುಂಟು: ‘ಅವರ ಸರಕಾರ ಮಾಡಿದ್ದೇನು ಕಡಮೆಯೆ? ಆ ಸರಕಾರವನ್ನು ಆರಿಸಿ ಕೂರಿಸಿದವರು ಇವರೇ ಅಲ್ಲವೆ? ಮಾಡಿದ್ದುಣ್ಣೋ ಮಹಾರಾಯ!’ ಈ ಮಾತನ್ನು ಆಡುವವರು ಕ್ರೂರಿಗಳೇ ಆಗಿರಬೇಕೆಂದಿಲ್ಲ. ಓದುಬರಹ ಬಲ್ಲವರು, ನ್ಯಾಯಪಕ್ಷಪಾತಿಗಳೆಂದು ಹೆಸರಾದವರು ಸಹ ಆಡಿದ್ದಾರೆ. ಆದರೆ ಗಾದೆಯಲ್ಲಿ ಮಾಡಿದವನೂ ಉಣ್ಣುವವನೂ ಒಬ್ಬನೇ ಎಂಬುದನ್ನು ಮರೆಯುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಂಡವನು ಇನ್ನೊಬ್ಬ.

ಯಥಾ ರಾಜಾ ತಥಾ ಪ್ರಜಾ ಎಂದು ಹಿಂದಿನವರು ಹೇಳುತ್ತಿದ್ದರು. ಅರಸನಂತೆ ಪ್ರಜೆ ಎಂದು ಅದರ ಅರ್ಥ. ಪ್ರಜಾಪ್ರಭುತ್ವ ಬಂದ ಮೇಲೆ ಆ ಮಾತು ತಿರುಗಿತು, ಪ್ರಜೆಯಂತೆ ಅರಸನೆಂದಾಯಿತು. ತಿರುಗಿದ ಮಾತಿನಿಂದ ಒಳ್ಳೆಯದು ಎಷ್ಟೋ ಆಯಿತು. ಅದರ ಬೆನ್ನಿಗೆ ಒಂದು ಕೇಡೂ ಬಂದಿತು: ಅರಸನ ಮೇಲಿನ ಕೋಪವನ್ನು ಪ್ರಜೆಯ ಮೇಲೆ ತೀರಿಸಿಕೊಳ್ಳಬಹುದೆಂಬ ತರ್ಕ.

ತರ್ಕವೇನೋ ಹಳೆಯದು. ಕ್ರಿ. ಪೂ. ೪೨೭ರಲ್ಲಿ ಗ್ರೀಸ್ ದೇಶದ ಅಥೆನ್ಸ್ ನಗರದ ಸಭೆಯಲ್ಲಿ ಇದರ ಮೇಲೆಯೇ ಒಂದು ದೊಡ್ಡ ವಾದ ನಡೆಯಿತು. ಲೆಸ್ಬೋಸ್ ದ್ವೀಪದ ಮಿಟಿಲೀನ್ ಪಟ್ಟಣವನ್ನು ಆಳುತ್ತಿದ್ದ ಕೆಲವು ಸಿರಿವಂತರು ಅಥೆನ್ಸಿನ ವಿರುದ್ಧ ದಂಗೆಯೆದ್ದಿದ್ದರು. ಮುತ್ತಿಗೆ ಬಿದ್ದು ಧಾನ್ಯ ತೀರುತ್ತ ಬಂದಾಗ ಅವರು ಸಾಮಾನ್ಯ ಜನರ ಕೈಗೂ ಆಯುಧ ಕೊಟ್ಟರು. ಆಯುಧ ಸಿಕ್ಕಿದ ಕೂಡಲೆ ಜನರು ‘ಬಚ್ಚಿಟ್ಟ ಧಾನ್ಯವನ್ನು ಹೊರಗೆ ತನ್ನಿ, ಇಲ್ಲವಾದರೆ ಊರನ್ನು ನಾವೇ ಅಥೆನ್ಸಿಗೆ ಒಪ್ಪಿಸುವೆವು’ ಎಂದು ತಿರುಗಿ ನಿಂತರು. ಪಟ್ಟಣ ಶರಣಾಯಿತು. ಇಷ್ಟಾದರೂ ಅಥೆನ್ಸಿನ ಸಭೆ ಸಿಟ್ಟಿನ ಭರದಲ್ಲಿ ಆ ಊರಿನ ವಯಸ್ಕ ಗಂಡಸರೆಲ್ಲರನ್ನೂ ಕೊಲ್ಲಬೇಕು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿ ಮಾರಬೇಕು ಎಂದು ನಿರ್ಣಯಿಸಿ ಹಡಗನ್ನು ಅಟ್ಟಿಯೇ ಬಿಟ್ಟಿತು. ಮರುದಿನ ಜನಕ್ಕೆ ಮನಸ್ಸು ತಡೆಯಲಿಲ್ಲ; ಮತ್ತೆ ಸಭೆ ಸೇರಿತು. ಕ್ಲಿಯೋನ್ ಎಂಬ ನಾಯಕನು, ತಪ್ಪನ್ನು ಕೆಲವರ ಮೇಲೆ ಹೊರಿಸಿ ಜನರನ್ನು ಬಿಟ್ಟುಬಿಡುವುದು ಸಲ್ಲದು, ಎಲ್ಲರೂ ಒಂದಾಗಿಯೇ ನಮ್ಮ ಮೇಲೆ ಬಿದ್ದರು ಎಂದು ವಾದಿಸಿದ. ಡಿಯೊಡೋಟಸ್ ಎಂಬವನು ಎದ್ದು, ಆಯುಧ ಸಿಕ್ಕಿದೊಡನೆ ಊರನ್ನು ನಮಗೆ ಒಪ್ಪಿಸಿದ ಜನರನ್ನೇ ಕೊಂದರೆ ನಾಳೆ ಯಾವ ಊರಿನ ಜನ ನಮ್ಮ ಪಕ್ಷ ವಹಿಸುವರು ಎಂದು ಕೇಳಿದ. ತಾನು ಕರುಣೆಯಿಂದ ಹೇಳುತ್ತಿಲ್ಲ, ರಾಜ್ಯದ ಲಾಭಕ್ಕಾಗಿ ಹೇಳುತ್ತಿದ್ದೇನೆ ಎಂದು ಅವನು ಸ್ಪಷ್ಟವಾಗಿಯೇ ಹೇಳಿಕೊಂಡ. ಸಿಟ್ಟಾದ ಸಭೆಯಲ್ಲಿ ಕರುಣೆಯ ಮಾತಿಗೆ ಬೆಲೆಯಿಲ್ಲವೆಂದು ಅವನು ಅರಿತಿದ್ದನೆಂದು ತೋರುತ್ತದೆ. ಕೂದಲೆಳೆಯ ಬಹುಮತದಿಂದ ಅವನ ಪಕ್ಷ ಗೆದ್ದಿತು. ಎರಡನೆಯ ಹಡಗು ಹೊರಟಿತು. ಅಂಬಿಗರು ಹುಟ್ಟುಹಾಕುತ್ತಲೇ ದ್ರಾಕ್ಷಾರಸ ಎಣ್ಣೆಗಳಲ್ಲಿ ಕಲಸಿದ ಜವೆಯ ಹಿಟ್ಟನ್ನು ತಿಂದು, ಸರದಿಯ ಮೇಲೆ ಮಲಗಿ, ಹಗಲಿರುಳು ನಡೆಸಿದರು. ಸೇನಾಪತಿ ಮೊದಲ ಆಜ್ಞೆಯನ್ನು ಓದಿ ಮುಗಿಸಿ ಅದನ್ನು ನಡೆಸಲು ಸಿದ್ಧನಾಗುತ್ತಿದ್ದಾಗ ಎರಡನೆಯ ಹಡಗು ದಡ ಮುಟ್ಟಿತು. ದಂಗೆಯ ಮುಂದಾಳುಗಳಿಗೇನೋ ಕ್ಷಮೆ ದೊರೆಯಲಿಲ್ಲ, ಅವರನ್ನು ಕೊಂದರು. ಊರು ಉಳಿಯಿತು. ಇದನ್ನೆಲ್ಲ ಥುಸಿಡಿಡೀಸ್ ಎಂಬ ಇತಿಹಾಸಕಾರನು ಬರೆದಿಟ್ಟಿದ್ದಾನೆ.

ನಮ್ಮ ಮಹಾಭಾರತದ ಸೌಪ್ತಿಕ ಪರ್ವವನ್ನು ವಾಚಕರಿಗೆ ನೆನಪುಮಾಡಿ ಕೊಡಬೇಕಾದುದಿಲ್ಲ. ತಂದೆಯನ್ನು ಅನ್ಯಾಯದಿಂದ ಕೊಂದರೆಂಬ ಅಶ್ವತ್ಥಾಮನ ದುಃಖ ಸುಳ್ಳಲ್ಲ. ಆದರೆ ನಡುರಾತ್ರಿ ಶಿಬಿರವನ್ನು ಹೊಕ್ಕು ಅವನು ಕತ್ತರಿಸಿದುದು ಮಲಗಿದ್ದವರ ತಲೆಗಳನ್ನು. ಅವರಲ್ಲಿ ದ್ರೌಪದಿಯ ಐದು ಮಂದಿ ಮಕ್ಕಳೂ ಇದ್ದರು. ಪಾಂಡವರು ಐವರೂ ಆ ರಾತ್ರಿ ಶಿಬಿರದಲ್ಲಿರಲಿಲ್ಲ. ಈ ಒಂದು ಸಂಗತಿಯನ್ನು ವಾಚಕರು ಗಮನದಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಹೇಳುವ ಕಥೆಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ.

ಈಚಿನ ಕಾಲದಲ್ಲಿ ಈ ತರ್ಕವನ್ನು ಮುಚ್ಚುಮರೆಯಿಲ್ಲದೆ ನ್ಯಾಯಾಲಯದಲ್ಲಿ ನಿಂತು ಹೇಳಿದವನು ಎಮಿಲ್ ಆಂರಿ ಎಂಬ ಫ್ರೆಂಚ್ ತರುಣ. ಓದಿನಲ್ಲಿ ಚುರುಕಾಗಿದ್ದವನು, ವಯಸ್ಸು ಇಪ್ಪತ್ತೊಂದು. ೧೮೯೪ನೆಯ ಫೆಬ್ರವರಿ ೧೨ರ ಸಂಜೆ ಪ್ಯಾರಿಸ್ ನಗರದ ಸೇಂಟ್ ಲಜಾರ್ ರೈಲುನಿಲ್ದಾಣದ ಮಗ್ಗುಲಲ್ಲಿದ್ದ ಟರ್ಮಿನಸ್ ಎಂಬ ಕಾಫಿ ಹೋಟೆಲನ್ನು ಹೊಕ್ಕು, ಕುಡಿದುದಕ್ಕೆ ಹಣ ತೆತ್ತು, ವಾದ್ಯಗೋಷ್ಠಿ ನಡೆಯುತ್ತಿದ್ದಾಗ ಜನರ ನಡುವೆ ಬಾಂಬನ್ನು ಎಸೆದ. ಸುಮಾರು ಇಪ್ಪತ್ತು ಜನಕ್ಕೆ ಗಾಯವಾಯಿತು, ಒಬ್ಬನು ತೀರಿಕೊಂಡ. ಅದಕ್ಕೂ ಮೊದಲು ಅವನು ಬೇರೆ ಕೆಲವು ಹೋಟೆಲುಗಳನ್ನು ನೋಡಿ, ಜನ ಸಾಲದೆಂದು ಬಿಟ್ಟು ಬಂದಿದ್ದ. ಇಂಥವನನ್ನು ಕೊಲ್ಲಬೇಕೆಂಬ ಗುರಿ ಅವನಿಗಿರಲಿಲ್ಲ. ಜನ ಹೆಚ್ಚಾಗಿರಬೇಕು, ಅಷ್ಟೇ.

ವಿಚಾರಣೆಯಲ್ಲಿ ಅವನು ಹೇಳಿದ ಮಾತಿನ ಸಾರ ಹೀಗಿದೆ. ಆ ಹೋಟೆಲಿನಲ್ಲಿ ಕುಳಿತಿದ್ದವರು ಈಗಿನ ವ್ಯವಸ್ಥೆಯಿಂದ ತೃಪ್ತರಾದವರು. ತಿಂಗಳಿಗೆ ಇಷ್ಟು ಸಂಬಳ ಪಡೆಯುವ ಗುಮಾಸ್ತರಾದರೂ ಸರಕಾರದ ಕೃತ್ಯಗಳಿಗೆ ತಲೆದೂಗುವವರು. ಆದುದರಿಂದ ಅವರಲ್ಲಿ ನಿರಪರಾಧಿಗಳು ಯಾರೂ ಇಲ್ಲ. ಇಷ್ಟೇ ಹೇಳಿದ್ದರೆ ಅವನನ್ನು ಹುಚ್ಚನೆಂದು ತಳ್ಳಬಹುದಾಗಿತ್ತು. ಅವನು ಇನ್ನೊಂದು ಮಾತನ್ನೂ ಹೇಳಿದ, ಅದು ಚುಚ್ಚುವಂಥದು. ಹಿಂದಿನ ಡಿಸೆಂಬರಿನಲ್ಲಿ ವೈಯಾಂ ಎಂಬ ಅರಾಜಕತಾವಾದಿಯೊಬ್ಬನು ಫ್ರೆಂಚ್ ಸಂಸತ್ತಿನಲ್ಲಿ ಬಾಂಬು ಎಸೆದಾಗ ಪೋಲೀಸರು ಆ ಪಂಗಡದವರೆಂದು ಹೆಸರು ಬಿದ್ದವರೆಲ್ಲರ ಮನೆಗಳನ್ನೂ ಹೊಕ್ಕು ಶೋಧಿಸಿದ್ದರು, ಅನೇಕರನ್ನು ಸೆರೆಯಲ್ಲಿಟ್ಟಿದ್ದರು. ‘ಒಬ್ಬನ ಕೆಲಸಕ್ಕೆ ನೀವು ಒಂದು ಪಕ್ಷವನ್ನೇ ಹೊಣೆ ಮಾಡಿ ಸಾರಾಸಗಟಾಗಿ ಹೊಡೆಯುತ್ತೀರಿ, ನಾವೂ ಸಾರಾಸಗಟಾಗಿ ಹೊಡೆಯುತ್ತೇವೆ’ ಎಂಬುದು ಅವನ ಉತ್ತರದ ತಾತ್ಪರ್ಯ. ಸರಕಾರದ ತರ್ಕ, ಬಾಂಬಿನವನ ತರ್ಕ ಇವೆರಡೂ ಒಂದೇ ಅಚ್ಚಿನಲ್ಲಿ ಎರಕಗೊಂಡವೆಂದು ಅವನೇ ಸಾಕ್ಷಿ ನುಡಿದಂತಾಯಿತು. ಮೇ ೨೧ರಂದು ಅವನ ಶಿರಚ್ಛೇದವಾಯಿತು. ಅರಾಜಕತಾವಾದದ ಕಡೆ ಒಲವಿದ್ದ ಆಕ್ತಾವ್ ಮಿರ್ಬೋ ಎಂಬ ಪ್ರಸಿದ್ಧ ಲೇಖಕನು, ಆ ಮತದ ಪರಮ ಶತ್ರುವೂ ಆಂರಿಗಿಂತ ಹೆಚ್ಚಿನ ಕೇಡನ್ನು ಅದಕ್ಕೆ ಮಾಡಲಾರನೆಂಬ ಅಭಿಪ್ರಾಯದಲ್ಲಿ ಬರೆದ.

ಇನ್ನು ನಮ್ಮ ದೇಶದ್ದೇ ಒಂದು ಪ್ರಸಂಗ. ಜಲಿಯನ್‌ವಾಲಾ ಬಾಗಿನ ಹತ್ಯೆಯನ್ನು ನಮ್ಮ ಶಾಲೆಯ ಮಕ್ಕಳೆಲ್ಲ ಬಲ್ಲರು. ಅದಕ್ಕೆ ಮೂರು ದಿನ ಮುಂಚೆ ಅದೇ ಊರಿನಲ್ಲಿ ನಡೆದುದನ್ನು ಪಾಠಪುಸ್ತಕಗಳು ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ. ೧೯೧೯ನೆಯ ಏಪ್ರಿಲ್ ೧೦ರಂದು ಸರಕಾರವು ಡಾ. ಕಿಚ್ಲು, ಡಾ. ಸತ್ಯಪಾಲ್ ಎಂಬ ಇಬ್ಬರು ನಾಯಕರನ್ನು ಅಮೃತಸರದಿಂದ ಗಡೀಪಾರು ಮಾಡಿತು. ಅವರನ್ನು ಬಿಡಿಸಿಕೊಳ್ಳಲು ಹೊರಟ ನಿರಾಯುಧ ಜನರ ಮೇಲೆ ರೈಲು ಸೇತುವೆಯ ಬಳಿ ಗುಂಡು ಹಾರಿತು. ಕೆರಳಿದ ಗುಂಪು ಪೇಟೆಯ ಕಡೆ ತಿರುಗಿ ಐವರು ಯೂರೋಪಿಯನ್ನರನ್ನು ಕೊಂದುಹಾಕಿತು. ಅವರಲ್ಲಿ ಮೂವರು ಬ್ಯಾಂಕಿನ ಅಧಿಕಾರಿಗಳು, ಒಬ್ಬ ರೈಲ್ವೆ ಗಾರ್ಡು. ಗುಂಡು ಹಾರಿಸೆಂದು ಆಜ್ಞೆ ಮಾಡಿದವನು ಆ ಐವರಲ್ಲಿ ಒಬ್ಬನೂ ಇರಲಿಲ್ಲ. ಮಾರ್ಸೆಲಾ ಶೆರ್ವುಡ್ ಎಂಬ ಮಿಷನ್ ಶಾಲೆಯ ಶಿಕ್ಷಕಿ ಗಲಭೆಯ ಸುದ್ದಿ ತಿಳಿದು ಶಾಲೆಯ ಹುಡುಗಿಯರನ್ನು ಮನೆಗೆ ಕಳುಹಿಸಲೆಂದು ಸೈಕಲ್ಲಿನಲ್ಲಿ ಹೊರಟಿದ್ದಾಗ ಒಂದು ಇಕ್ಕಟ್ಟಾದ ಓಣಿಯಲ್ಲಿ ಆಕೆಯನ್ನು ಹೊಡೆದು, ಸತ್ತಳೆಂದು ಬಿಟ್ಟುಹೋದರು. ಆಕೆಯನ್ನು ಎತ್ತಿ ಬದುಕಿಸಿದವರೂ ಭಾರತೀಯರೇ.

ಜನರಲ್ ಡಯರ್ ಮಾಡಿದುದು ಇದರ ಪಡಿಯಚ್ಚು. ೧೩ರಂದು ಬಾಗಿನಲ್ಲಿ ಸೇರಿದ್ದ ಜನರ ಮೇಲೆ ಗುಂಡಿನ ಮಳೆ. ಸರಕಾರದ ಲೆಕ್ಕದಂತೆಯೇ ೩೭೯ ಜನರ ಸಾವು. ಆರು ದಿನಗಳ ತರುವಾಯ, ಶೆರ್ವುಡ್ಡಳನ್ನು ಹೊಡೆದ ಓಣಿಯಲ್ಲಿ ಯಾವ ಭಾರತೀಯನು ಹೋಗುವುದಾದರೂ ಹೊಟ್ಟೆಯ ಮೇಲೆ ತೆವಳಿಕೊಂಡೇ ಹೋಗಬೇಕೆಂಬ ಆಜ್ಞೆ. ಅಲ್ಲಿ ಮನೆಯಿದ್ದವರಿಗೂ ವಿನಾಯಿತಿಯಿರಲಿಲ್ಲ. ಹೊಡೆದವರು ಯಾರು, ಎತ್ತಿದವರು ಯಾರು ಎಂಬ ಭೇದವನ್ನು ಆ ಆಜ್ಞೆ ಕೇಳಲಿಲ್ಲ. ಆ ವರ್ಷದ ಕೊನೆಯಲ್ಲಿ ಅಮೃತಸರದಲ್ಲಿಯೇ ಕಾಂಗ್ರೆಸ್ ಅಧಿವೇಶನ ಸೇರಿದಾಗ, ಜನರ ಗುಂಪು ಮಾಡಿದ ಅತ್ಯಾಚಾರಗಳನ್ನೂ ಖಂಡಿಸುವ ನಿರ್ಣಯವಾಗಬೇಕೆಂದು ಗಾಂಧೀಜಿಯವರು ಹಟ ಹಿಡಿದರು. ಗಾಯದ ಬಾಯಿ ಇನ್ನೂ ಆರದ ಊರಿನಲ್ಲಿ ಅಂಥ ಮಾತು ಯಾರಿಗೆ ರುಚಿಸೀತು? ವಿರೋಧ ಬಲವಾಗಿಯೇ ಇತ್ತು. ನಿರ್ಣಯವಂತೂ ಆಯಿತು. ಡಯರನನ್ನು ಖಂಡಿಸುವ ಹಕ್ಕು ನಮಗೆ ಉಳಿದುದು ಆ ನಿರ್ಣಯದಿಂದಲೇ ಎಂದು ನಮ್ಮ ಅಭಿಪ್ರಾಯ.

ಈಗ ನಮ್ಮ ಕಾಲದ ಸಂಗತಿಗೆ ಬರೋಣ. ೧೯೯೮ನೆಯ ಫೆಬ್ರವರಿಯಲ್ಲಿ ಒಸಾಮಾ ಬಿನ್ ಲಾದೆನ್ ಮತ್ತು ಅವನ ಸಂಗಡಿಗರು ಲಂಡನ್ನಿನ ಅರಬ್ಬೀ ಪತ್ರಿಕೆಯೊಂದರಲ್ಲಿ ಪ್ರಕಟಣೆ ಕೊಟ್ಟು, ಸೈನಿಕನಾಗಲಿ ಸಾಮಾನ್ಯ ಪ್ರಜೆಯಾಗಲಿ ಅಮೆರಿಕದವನನ್ನು ಕೊಲ್ಲುವುದು ಕರ್ತವ್ಯವೆಂದು ಸಾರಿದರು. ಅದೇ ವರ್ಷ ಆಗಸ್ಟ್ ೭, ಶುಕ್ರವಾರ. ಕೀನ್ಯ ದೇಶದ ರಾಜಧಾನಿ ನೈರೋಬಿಯಲ್ಲಿ ಬೆಳಗಿನ ಕಚೇರಿಯ ವೇಳೆ. ಸ್ಫೋಟಕ ತುಂಬಿದ ಟ್ರಕ್ಕೊಂದು ಅಮೆರಿಕದ ರಾಯಭಾರ ಕಚೇರಿಯ ಹಿಂಬಾಗಿಲಿಗೆ ಬಂದಿತು. ಕಾವಲಿನವರು ಕೀನ್ಯದವರು, ಕೈಯಲ್ಲಿ ಬಂದೂಕಿಲ್ಲ. ಗೇಟು ತೆರೆಯಲು ಅವರು ಒಪ್ಪಲಿಲ್ಲ. ಬಂದವರು ಅವರ ಕಡೆಗೆ ಕೈಬಾಂಬನ್ನು ಎಸೆದರು. ಆ ಸದ್ದು ಕೇಳಿ ಸುತ್ತಲಿನ ಎತ್ತರದ ಕಟ್ಟಡಗಳಲ್ಲಿ ಕೆಲಸ ಮಾಡುತ್ತಿದ್ದವರು ಏನಾಯಿತೆಂದು ನೋಡಲು ಕಿಟಕಿಗಳ ಬಳಿಗೆ ಓಡಿಬಂದರು. ಆಗ ಟ್ರಕ್ಕು ಸಿಡಿಯಿತು. ಕಿಟಕಿಯ ಗಾಜು ಚೂರುಚೂರಾಗಿ ಅವರ ಕಣ್ಣುಗಳಿಗೇ ಬಡಿಯಿತು. ಅಂದು ಕಣ್ಣು ಕಳೆದುಕೊಂಡವರು ಬಹಳ ಮಂದಿ.

ರಾಯಭಾರ ಕಚೇರಿಯ ಕಟ್ಟಡ ಗಟ್ಟಿಮುಟ್ಟಾದುದು. ಜಖಂ ಆಯಿತಾದರೂ ನಿಂತಿತು. ಮಗ್ಗುಲಲ್ಲಿದ್ದ ಉಫುಂಡಿ ಹೌಸ್ ಎಂಬ ಕಟ್ಟಡ ಕುಸಿದು ನೆಲಸಮವಾಯಿತು. ಅದರಲ್ಲಿ ಟೈಪಿಂಗ್ ಮೊದಲಾದ ಕಚೇರಿ ಕೆಲಸಗಳನ್ನು ಕಲಿಸುವ ಶಾಲೆಯೊಂದಿತ್ತು. ನಮ್ಮ ಹೈಸ್ಕೂಲು ಮುಗಿಸಿದ ಹುಡುಗಿಯರು ಟೈಪು ಕಲಿಯಲು ಪಟ್ಟಣಕ್ಕೆ ಹೋಗುತ್ತಿದ್ದಂತೆ ಅಲ್ಲಿಯ ಹುಡುಗಿಯರೂ ಒಂದು ಗುಮಾಸ್ತೆಯ ಕೆಲಸ ಸಿಕ್ಕೀತೆಂದು ಬಂದು ಕುಳಿತಿದ್ದರು. ಬೀದಿಯಲ್ಲಿ ಬಸ್ಸುಗಳಲ್ಲಿ ಕುಳಿತಿದ್ದವರು ಕುಳಿತಲ್ಲಿಯೇ ಸತ್ತರು. ನೈರೋಬಿಯಲ್ಲಿ ಸತ್ತವರು ಒಟ್ಟು ೨೧೩. ಗಾಯಗೊಂಡವರು ನಾಲ್ಕು ಸಾವಿರಕ್ಕೂ ಮೇಲೆ. ಸತ್ತವರಲ್ಲಿ ಅಮೆರಿಕದವರು ಎಷ್ಟು? ಹನ್ನೆರಡು ಜನ. ಅದೇ ಹೊತ್ತಿನಲ್ಲಿ ಟಾಂಜೇನಿಯ ದೇಶದ ದಾರ್ ಎಸ್ ಸಲಾಮಿನಲ್ಲಿ ಸಿಡಿದ ಬಾಂಬಿಗೆ ಹನ್ನೊಂದು ಜನ ಬಲಿಯಾದರು. ಅವರಲ್ಲಿ ಅಮೆರಿಕದವನು ಒಬ್ಬನೂ ಇರಲಿಲ್ಲ.

ಅಮೆರಿಕದ ಸರಕಾರವನ್ನು ಆರಿಸಿದ್ದಕ್ಕೆ ಅಮೆರಿಕದ ಪ್ರಜೆ ಹೊಣೆ ಎಂಬ ವಾದವನ್ನು ಒಂದು ಗಳಿಗೆಯ ಮಟ್ಟಿಗೆ ಒಪ್ಪಿಕೊಂಡೆವೆನ್ನಿ. ಟೈಪು ಕಲಿಯಲು ಬಂದ ಕೀನ್ಯದ ಹುಡುಗಿ ಯಾವ ಚುನಾವಣೆಯಲ್ಲಿ ಯಾರಿಗೆ ಮತ ಹಾಕಿದ್ದಳು? ಪಾಂಡವರು ಶಿಬಿರದಲ್ಲಿರಲಿಲ್ಲ. ಈ ತರ್ಕದ ಗುಟ್ಟು ಇಲ್ಲಿಯೇ ಇದೆ. ಮೊದಲು ಅರಸನ ಬದಲು ಪ್ರಜೆಯನ್ನು ಹೊಡೆಯಬಹುದೆಂದು ಹೊರಡುತ್ತಾರೆ. ಪ್ರಜೆ ಕೈಗೆ ಸಿಕ್ಕದಿದ್ದರೆ ಅವನ ಮನೆಯ ಮುಂದೆ ಹಾದುಹೋಗುತ್ತಿದ್ದವನಾದರೂ ಸರಿಯೆನ್ನುತ್ತಾರೆ. ಒಮ್ಮೆ ಜಾರಿದ ಕಾಲಿಗೆ ಮುಂದೆ ಮೆಟ್ಟಿಲಿಲ್ಲ.

ಆ ಆಗಸ್ಟಿನ ೨೦ರಂದು ಅಮೆರಿಕ ಸರಕಾರ ಪ್ರತೀಕಾರವಾಗಿ ಅಫ್ಘಾನಿಸ್ತಾನದ ಮೇಲೆಯೂ ಸೂಡಾನಿನ ಖಾರ್ಟೂಮಿನ ಮೇಲೆಯೂ ಕ್ಷಿಪಣಿಗಳನ್ನು ಹಾರಿಸಿತು. ಖಾರ್ಟೂಮಿನಲ್ಲಿ ನೆಲಸಮವಾದುದು ಅಲ್ ಶಿಫಾ ಎಂಬ ಔಷಧದ ಕಾರ್ಖಾನೆ. ಅಲ್ಲಿ ರಾಸಾಯನಿಕ ಆಯುಧದ ಸಾಮಗ್ರಿ ತಯಾರಾಗುತ್ತಿತ್ತೆಂದು ಅಮೆರಿಕ ಹೇಳಿದ ಕಾರಣ ಲೋಕಕ್ಕೆ ಒಪ್ಪಿಗೆಯಾಗುವಂತೆ ರುಜುವಾತಾಗಲಿಲ್ಲ.

೨೦೦೧ನೆಯ ಸೆಪ್ಟೆಂಬರ್ ೧೧ರ ವೃತ್ತಾಂತವನ್ನು ವಿಸ್ತರಿಸಬೇಕಾಗಿಲ್ಲ. ದೂರದರ್ಶನದಲ್ಲಿ ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ವಿಮಾನಗಳನ್ನು ಅಪಹರಿಸಿದ ೧೯ ಜನರನ್ನು ಬಿಟ್ಟು ಅಂದು ಸತ್ತವರು ೨,೯೭೭. ಮರುವರ್ಷ ನವೆಂಬರಿನಲ್ಲಿ ಬಿನ್ ಲಾದೆನ್ನನ ಹೆಸರಿನಲ್ಲಿ ಅಮೆರಿಕದ ಜನರಿಗೆ ಬರೆದ ಒಂದು ಪತ್ರ ಹೊರಬಂದಿತು. ಎಮಿಲ್ ಆಂರಿಯ ತರ್ಕ ಅದರಲ್ಲಿ ಹೊಸ ಅಂಗಿ ತೊಟ್ಟು ನಿಂತಿದೆ. ನಿಮ್ಮ ಸರಕಾರವನ್ನು ನೀವೇ ಸ್ವಇಚ್ಛೆಯಿಂದ ಆರಿಸಿದಿರಿ, ನೀವು ಕೊಟ್ಟ ತೆರಿಗೆಯಿಂದಲೇ ನಮ್ಮ ಮೇಲೆ ಬೀಳುವ ಬಾಂಬುಗಳು ತಯಾರಾಗುತ್ತವೆ, ಆದುದರಿಂದ ನೀವು ನಿರಪರಾಧಿಗಳಲ್ಲ ಎಂಬುದು ಅದರ ತಿರುಳು.

ಲೆಕ್ಕವನ್ನೇ ನೋಡೋಣ. ೨೦೦೦ದ ನವೆಂಬರಿನ ಚುನಾವಣೆಯಲ್ಲಿ ಅಧ್ಯಕ್ಷರಾದ ಜಾರ್ಜ್ ಬುಷ್ ಅವರಿಗೆ ಬಿದ್ದ ಮತಗಳು ಅವರ ಪ್ರತಿಸ್ಪರ್ಧಿ ಆಲ್ ಗೋರ್ ಅವರಿಗೆ ಬಿದ್ದುದಕ್ಕಿಂತ ಐದು ಲಕ್ಷಕ್ಕೂ ಹೆಚ್ಚು ಕಡಮೆ. ಆ ದೇಶದ ಚುನಾವಣಾ ಪದ್ಧತಿಯ ವಿಚಿತ್ರದಿಂದ ಕಡಮೆ ಮತ ಬಂದವರು ಗೆದ್ದರು. ಮತ ಹಾಕಲು ಬಾರದೆ ಮನೆಯಲ್ಲಿ ಉಳಿದವರ ಸಂಖ್ಯೆ ಇವರಿಬ್ಬರಲ್ಲಿ ಯಾರಿಗೆ ಬಿದ್ದ ಮತಕ್ಕಿಂತಲೂ ಹೆಚ್ಚು. ಸತ್ತವರು ತೊಂಬತ್ತಕ್ಕೂ ಹೆಚ್ಚು ದೇಶಗಳಿಗೆ ಸೇರಿದವರು, ಭಾರತೀಯರೂ ಇದ್ದರು. ಉತ್ತರದ ಗೋಪುರದ ತುದಿಯಲ್ಲಿದ್ದ ಹೋಟೆಲಿನಲ್ಲಿ ಅಡಿಗೆಮಾಡುತ್ತ, ತಟ್ಟೆ ತೊಳೆಯುತ್ತ, ಬಡಿಸುತ್ತ ಇದ್ದ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರು ಸತ್ತರು. ಅವರಲ್ಲಿ ಅನೇಕರು ಹೊಟ್ಟೆಪಾಡಿಗೆ ಬೇರೆ ದೇಶಗಳಿಂದ ಬಂದವರು. ವಿಮಾನಗಳಲ್ಲಿ ಎಂಟು ಮಕ್ಕಳಿದ್ದರು. ತೆರಿಗೆ ಕೊಟ್ಟುದೇ ಅಪರಾಧವೆನ್ನುವುದಾದರೆ, ಅಂಗಡಿಯಲ್ಲಿ ಒಂದು ಲೋಟ ಕಾಫಿ ಕೊಂಡ ಪ್ರವಾಸಿಯೂ ಅಪರಾಧಿಯೇ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಅಮೆರಿಕ ಸರಕಾರದ ನೀತಿಯನ್ನು ಟೀಕಿಸುವುದು ಬೇರೆ. ಆ ನೀತಿಗಾಗಿ ಗುಮಾಸ್ತನನ್ನೂ ಅಡಿಗೆಯವನನ್ನೂ ದೂರುವುದು ಬೇರೆ. ಬೆಂಕಿ ಹೇಗೆ ಹತ್ತಿತೆಂದು ವಿಚಾರಿಸುವವನು, ಸುಟ್ಟು ಸತ್ತವನನ್ನು ಬಯ್ಯಬೇಕಾಗಿಲ್ಲ. ಆ ಪತ್ರದಲ್ಲಿ ಇರಾಕಿನ ಮಕ್ಕಳ ಸಂಕಟದ ಪ್ರಸ್ತಾಪವಿದೆ, ಅದನ್ನು ಸುಳ್ಳೆನ್ನುವಂತಿಲ್ಲ. ೧೯೯೦ರಲ್ಲಿ ಸದ್ದಾಮ್ ಹುಸೇನ್ ಕುವೈತನ್ನು ಆಕ್ರಮಿಸಿದಾಗ ವಿಶ್ವಸಂಸ್ಥೆ ಇರಾಕಿನ ಮೇಲೆ ಹೇರಿದ ವ್ಯಾಪಾರ ನಿರ್ಬಂಧ ಹನ್ನೆರಡು ವರ್ಷಗಳಿಗೂ ಮೇಲೆ ನಡೆಯಿತು. ಸದ್ದಾಮನಿಗೆ ಅರಮನೆ ತಪ್ಪಲಿಲ್ಲ. ಔಷಧವಿಲ್ಲದೆ ಆಹಾರವಿಲ್ಲದೆ ನರಳಿದವರು ಅವನನ್ನು ಎಂದೂ ಆರಿಸದ, ಇಳಿಸಲೂ ಆಗದ ಜನ. ಇರಾಕಿನಲ್ಲಿ ವಿಶ್ವಸಂಸ್ಥೆಯ ನೆರವಿನ ಕೆಲಸದ ಮುಖ್ಯಸ್ಥರಾಗಿದ್ದ ಡೆನಿಸ್ ಹ್ಯಾಲಿಡೇ ಇದನ್ನು ಸಹಿಸಲಾರದೆ ೧೯೯೮ರಲ್ಲಿ ರಾಜೀನಾಮೆ ಕೊಟ್ಟರು. ಅರಸನ ತಪ್ಪಿಗೆ ಪ್ರಜೆ ಉಣ್ಣುವುದು ಅನ್ಯಾಯವೆಂದು ಇರಾಕಿನ ವಿಷಯದಲ್ಲಿ ಕಂಡವರು ನ್ಯೂಯಾರ್ಕಿನ ವಿಷಯದಲ್ಲಿ ಅದನ್ನೇ ನ್ಯಾಯವೆಂದದ್ದು ಹೇಗೆ?

ಹಾಗೆಂದವರು ಗುಹೆಗಳಲ್ಲಿ ಅಡಗಿದ್ದವರು ಮಾತ್ರವಲ್ಲ. ಕೊಲರಾಡೊ ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕರು ಗೋಪುರಗಳಲ್ಲಿ ಸತ್ತ ವ್ಯವಹಾರ ನಿಪುಣರನ್ನು ‘ಪುಟ್ಟ ಐಖ್‌ಮನ್ನರು’ ಎಂದು ಕರೆದು ಬರೆದರು. ಐಖ್‌ಮನ್ ಎಂಬವನು ಹಿಟ್ಲರನ ಕಾಲದಲ್ಲಿ ಲಕ್ಷಾಂತರ ಯೆಹೂದಿಗಳನ್ನು ರೈಲುಗಳಲ್ಲಿ ತುಂಬಿ ಸಾವಿನ ಶಿಬಿರಗಳಿಗೆ ಕಳುಹಿಸುವ ಏರ್ಪಾಡನ್ನು ನೋಡಿಕೊಂಡ ಅಧಿಕಾರಿ. ಅಂಥವನಿಗೂ ೧೯೬೧ರಲ್ಲಿ ಜೆರೂಸಲೇಮಿನಲ್ಲಿ ತಿಂಗಳುಗಟ್ಟಲೆ ವಿಚಾರಣೆ ನಡೆಯಿತು. ಅವನ ಪರವಾಗಿ ವಕೀಲನಿದ್ದ. ಕಾಗದಪತ್ರಗಳನ್ನು ಓದಿದರು, ನೂರಕ್ಕೂ ಮೇಲೆ ಸಾಕ್ಷಿಗಳನ್ನು ಕೇಳಿದರು, ಆಮೇಲೆ ಶಿಕ್ಷೆ ಕೊಟ್ಟರು. ಪ್ರಾಧ್ಯಾಪಕರು ಗೋಪುರದಲ್ಲಿದ್ದವರ ವಿಷಯದಲ್ಲಿ ಒಬ್ಬನ ಹೆಸರನ್ನಾದರೂ ಹಿಡಿದು, ಇವನು ಇಂಥ ದಿನ ಇಂಥದನ್ನು ಮಾಡಿದನೆಂದು ತೋರಿಸಲಿಲ್ಲ. ನೈರೋಬಿಯ ಬಾಂಬಿನ ಪ್ರಕರಣದಲ್ಲಿ ಸಿಕ್ಕಿಬಿದ್ದ ನಾಲ್ವರಿಗೆ ಶಿಕ್ಷೆ ವಿಧಿಸಿದುದು ೨೦೦೧ರ ಅಕ್ಟೋಬರಿನಲ್ಲಿ. ಉರುಳಿದ ಗೋಪುರಗಳಿಂದ ನಡೆದುಹೋಗುವಷ್ಟು ದೂರದಲ್ಲಿಯೇ ಆ ನ್ಯಾಯಾಲಯ. ಬಿದ್ದ ಕಟ್ಟಡಗಳ ಅವಶೇಷಗಳನ್ನು ಇನ್ನೂ ತೆಗೆಯುತ್ತಿದ್ದರು. ಅಂಥ ಹೊತ್ತಿನಲ್ಲಿಯೂ ಅವರಿಗಾದುದು ಜೀವಾವಧಿ ಸಜೆ, ಮರಣದಂಡನೆಯಲ್ಲ. ಬೀದಿಯಲ್ಲಿ ಮಾತ್ರ ಬೇರೆಯ ನ್ಯಾಯ ನಡೆಯುತ್ತಿತ್ತು. ಅರಿಜೋನ ಪ್ರಾಂತದಲ್ಲಿ ಪೆಟ್ರೋಲ್ ಬಂಕ್ ಇಟ್ಟುಕೊಂಡಿದ್ದ ಒಬ್ಬ ಸಿಖ್ಖರನ್ನು, ತಲೆಗೆ ರುಮಾಲು ಗಡ್ಡ ಇದ್ದುದರಿಂದಲೇ, ಸೆಪ್ಟೆಂಬರ್ ೧೫ರಂದು ಗುಂಡಿಕ್ಕಿ ಕೊಂದರು.

ಪ್ರಜೆಗೆ ಹೊಣೆಯೇ ಇಲ್ಲವೆ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಯನ್ನು ಎಲ್ಲರಿಗಿಂತ ಆಳವಾಗಿ ಶೋಧಿಸಿದವನು ಜರ್ಮನಿಯ ತತ್ತ್ವಜ್ಞ ಕಾರ್ಲ್ ಯಾಸ್ಪರ್ಸ್. ಆತನ ಹೆಂಡತಿ ಯೆಹೂದಿ ಕುಲದವಳು; ಅದಕ್ಕಾಗಿ ನಾಜಿ ಸರಕಾರ ೧೯೩೭ರಲ್ಲಿ ಆತನನ್ನು ಪ್ರಾಧ್ಯಾಪಕ ಪದವಿಯಿಂದ ತೆಗೆದುಹಾಕಿತ್ತು. ಯುದ್ಧ ಮುಗಿದು ಜರ್ಮನರೆಲ್ಲರೂ ಅಪರಾಧಿಗಳೆಂದು ಲೋಕವೆಲ್ಲ ಹೇಳುತ್ತಿದ್ದ ೧೯೪೫-೪೬ರ ಚಳಿಗಾಲದಲ್ಲಿ ಆತನು ಹೈಡೆಲ್ಬರ್ಗ್ ವಿಶ್ವವಿದ್ಯಾಲಯದಲ್ಲಿ ಈ ವಿಷಯವಾಗಿ ಉಪನ್ಯಾಸ ಮಾಡಿದ. ತಪ್ಪು ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳು ಗೋಜಲಾಗಿವೆ ಎಂದು ತೋರಿಸಿದ. ಕಾನೂನು ಮೀರಿದ ಅಪರಾಧ ಒಂದು. ಅದು ವ್ಯಕ್ತಿಯದು, ಅದನ್ನು ನ್ಯಾಯಾಲಯ ವಿಚಾರಿಸಬೇಕು. ರಾಜಕೀಯ ಹೊಣೆ ಇನ್ನೊಂದು. ತನ್ನ ಸರಕಾರ ಮಾಡಿದುದರ ಫಲವನ್ನು, ಉದಾಹರಣೆಗೆ ಪರಿಹಾರದ ಹಣವನ್ನು, ಪ್ರಜೆಗಳೆಲ್ಲ ಹೊರಬೇಕು. ಆದರೆ ಇದರಿಂದ ಯಾರೂ ಅಪರಾಧಿಯಾಗುವುದಿಲ್ಲ. ನೈತಿಕವಾದ ತಪ್ಪು ಮೂರನೆಯದು. ಅದಕ್ಕೆ ನ್ಯಾಯಾಧೀಶ ಅವನವನ ಮನಸ್ಸಾಕ್ಷಿ. ಪಕ್ಕದವನು ಸಾಯುವಾಗ ನಾನು ಬದುಕಿ ಉಳಿದೆನಲ್ಲ ಎಂಬ ಅಳಲು ನಾಲ್ಕನೆಯದು. ಅದು ದೇವರ ಮುಂದಿನ ಲೆಕ್ಕ. ಇಡಿಯ ಜನಾಂಗವೊಂದನ್ನು ಅಪರಾಧಿಯೆನ್ನಲು ಬರುವುದಿಲ್ಲವೆಂದು ಆತನು ಖಂಡಿತವಾಗಿ ಹೇಳಿದ. ಅದೇ ಬಾಯಿಂದ, ಜರ್ಮನರು ತಮ್ಮ ರಾಜಕೀಯ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲವೆಂದೂ ಹೇಳಿದ. ಎರಡನೆಯ ಮಾತಿಗಾಗಿ ಅವನ ದೇಶದವರಲ್ಲಿ ಹಲವರು ಅವನನ್ನು ಮೆಚ್ಚಲಿಲ್ಲ.

ಮೂರು ವರ್ಷಗಳ ಮೇಲೆ, ೧೯೪೯ನೆಯ ಆಗಸ್ಟ್ ೧೨ರಂದು, ಜಿನೀವಾದಲ್ಲಿ ನಾಲ್ಕನೆಯ ಒಪ್ಪಂದವಾಯಿತು. ಅದರ ೩೩ನೆಯ ವಿಧಿ, ತಾನು ಸ್ವತಃ ಮಾಡದ ಅಪರಾಧಕ್ಕಾಗಿ ಯಾರನ್ನೂ ಶಿಕ್ಷಿಸಕೂಡದೆನ್ನುತ್ತದೆ. ಸಾಮೂಹಿಕ ದಂಡನೆಯನ್ನೂ ಭಯೋತ್ಪಾದನೆಯನ್ನೂ ಒಟ್ಟಿಗೇ ನಿಷೇಧಿಸುತ್ತದೆ. ಎರಡನ್ನೂ ಒಂದೇ ವಿಧಿಯಲ್ಲಿ ಸೇರಿಸಿದವರು ವಿಷಯವನ್ನು ಬಲ್ಲವರು.

ಇನ್ನು ಹಿತ್ತಲಿಗೆ ಬರೋಣ. ೧೯೫೬ನೆಯ ನವೆಂಬರ್ ೧ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಹೋಯಿತು. ತಾಳವಾಡಿಯ ನಾವು ಮದ್ರಾಸು ರಾಜ್ಯದಲ್ಲಿ ಉಳಿದೆವು. ಅಂದಿನಿಂದ ನಮ್ಮ ಮಾತು ಒಂದು ರಾಜ್ಯದ್ದು, ನಮ್ಮ ಮತ ಇನ್ನೊಂದು ರಾಜ್ಯದ್ದು. ಕಾವೇರಿ ನ್ಯಾಯಮಂಡಲಿಯ ಮಧ್ಯಂತರ ತೀರ್ಪಿನ ಮೇಲೆ ೧೯೯೧ನೆಯ ಡಿಸೆಂಬರಿನಲ್ಲಿ ಬೆಂಗಳೂರು ಮೈಸೂರುಗಳ ಕಡೆ ಗಲಭೆಯಾಗಿ ತಮಿಳರ ಮನೆಗಳು ಅಂಗಡಿಗಳು ಉರಿದವು. ಸಾವಿರಾರು ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿ ಬಂದವು. ಆ ಬಂದವರಲ್ಲಿ ಬಹುಮಂದಿ ಎಷ್ಟೋ ಕಾಲದಿಂದ ಕರ್ನಾಟಕದಲ್ಲಿಯೇ ನೆಲಸಿ ಅಲ್ಲಿಯೇ ಮತ ಹಾಕುತ್ತಿದ್ದವರು. ತಮಿಳುನಾಡಿನ ಸರಕಾರವನ್ನು ಅವರು ಆರಿಸಿದವರಲ್ಲ. ನೀರು ಕೇಳಿದವರೂ ಅಲ್ಲ. ಈ ಕಡೆ ತಮಿಳುನಾಡಿನ ಕನ್ನಡಿಗರೂ ಕಿರುಕುಳಕ್ಕೆ ಒಳಗಾದರು. ಕರ್ನಾಟಕದ ಸರಕಾರವನ್ನು ಆರಿಸುವ ಚೀಟಿ ನಮ್ಮ ಕೈಯಲ್ಲಿ ಎಂದೂ ಇರಲಿಲ್ಲ. ೨೦೧೬ನೆಯ ಸೆಪ್ಟೆಂಬರಿನಲ್ಲಿ ಮತ್ತೆ ಅದೇ: ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು, ಚೆನ್ನೈಯಲ್ಲಿ ಕನ್ನಡಿಗರ ಒಡೆತನದ ಹೋಟೆಲೊಂದರ ಮೇಲೆ ಪೆಟ್ರೋಲ್ ಬಾಂಬು ಬಿದ್ದಿತು.

ಈ ಎರಡರ ನಡುವಣ ವರ್ಷ ೨೦೦೦. ಆ ಜುಲೈ ೩೦ರ ರಾತ್ರಿಯನ್ನು ನೆನೆಯುವ ಹಿರಿಯರು ಈ ಸಂಚಿಕೆಯನ್ನು ಓದುವವರಲ್ಲಿ ಅನೇಕರಿದ್ದಾರೆ. ನಮ್ಮ ತಾಳವಾಡಿ ಸೀಮೆಯ ದೊಡ್ಡ ಗಾಜನೂರಿನ ತೋಟದ ಮನೆಯಿಂದ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನೂ ಇನ್ನು ಮೂವರನ್ನೂ ಕಾಡಿಗೆ ಒಯ್ದ. ಆಮೇಲೆ ಅವನು ಕಳುಹಿಸಿದ ಬೇಡಿಕೆಗಳ ಪಟ್ಟಿಯನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದರು. ಕಾವೇರಿಯ ನೀರು ಬಿಡಬೇಕು. ೧೯೯೧ರ ಗಲಭೆಯಲ್ಲಿ ನೊಂದ ತಮಿಳರಿಗೆ ಪರಿಹಾರ ಕೊಡಬೇಕು. ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯನ್ನು ಅನಾವರಣ ಮಾಡಬೇಕು. ಟಾಡಾ ಕಾಯಿದೆಯಡಿ ಮೈಸೂರಿನಲ್ಲಿ ಸೆರೆಯಲ್ಲಿದ್ದವರನ್ನು ಬಿಡಬೇಕು. ಇವುಗಳಲ್ಲಿ ಕೆಲವು ನ್ಯಾಯವಾದ ಬೇಡಿಕೆಗಳೇ. ಆದರೆ ಒಂದನ್ನಾದರೂ ನಡೆಸಿಕೊಡುವ ಅಧಿಕಾರ ಆ ಎಪ್ಪತ್ತೊಂದು ವರ್ಷದ ಹಿರಿಯರಿಗೆ ಇರಲಿಲ್ಲ. ಅವರು ಮಂತ್ರಿಯಾದವರಲ್ಲ, ಚುನಾವಣೆಗೆ ನಿಂತವರೂ ಅಲ್ಲ. ಬೆಂಗಳೂರಿನಲ್ಲಿರುವ ಸರಕಾರದ ಮೇಲಿನ ಕೋಪಕ್ಕೆ ಅವರು ೧೦೮ ದಿನ ಕಾಡಿನಲ್ಲಿ ಅಲೆದರು.

ಆ ೧೦೮ ದಿನಗಳೂ ಬೆಂಗಳೂರಿನ ತಮಿಳರು ಜೀವವನ್ನು ಕೈಯಲ್ಲಿ ಹಿಡಿದುಕೊಂಡಿದ್ದರು. ತಮಿಳು ಚಿತ್ರಗಳ ಪ್ರದರ್ಶನ ನಿಂತಿತು. ವೀರಪ್ಪನ್ ಮಾಡಿದುದಕ್ಕೆ ಅಲ್ಲಿಯ ಇಸ್ತ್ರಿಯಂಗಡಿಯವನೂ ಗಾರೆ ಕೆಲಸದವನೂ ಏನು ಮಾಡಬೇಕಾಗಿತ್ತು? ನಾವು ತಾಳವಾಡಿಯ ಪೇಟೆಯಲ್ಲಿ ನಮ್ಮ ತಮಿಳು ನೆರೆಯವರೊಡನೆ ಎಂದಿನಂತೆ ವ್ಯಾಪಾರ ಸಾಪಾರ ನಡೆಸುತ್ತ, ಸಂಜೆ ರೇಡಿಯೋದ ಮುಂದೆ ಇಬ್ಬರೂ ಒಂದೇ ಸುದ್ದಿಗಾಗಿ ಕಿವಿಗೊಟ್ಟು ಕುಳಿತಿರುತ್ತಿದ್ದೆವು. ಸಂಧಾನಕ್ಕಾಗಿ ಮತ್ತೆ ಮತ್ತೆ ಕಾಡಿಗೆ ನಡೆದುಹೋದವರು ತಮಿಳು ಪತ್ರಿಕೆಯ ಸಂಪಾದಕ ಗೋಪಾಲ್. ತರುವಾಯ ತಮಿಳು ರಾಷ್ಟ್ರೀಯತೆಯ ಹಳೆಯ ಮುಂದಾಳು ನೆಡುಮಾರನ್ ಅವರು ಸಂಗಡಿಗರೊಡನೆ ಹೋದರು. ನವೆಂಬರ್ ೧೫ರಂದು ರಾಜ್‌ಕುಮಾರ್ ಅವರು ಕಾಡಿನಿಂದ ಹೊರಗೆ ಬಂದರು.